ಫ್ರೆಂಚ್-ಕೆನಡಿಯನ್ ವಂಶಾವಳಿ ನಡುವೆಯೇ ಕಡಿದಾಗ: ದೋಷ ನಿವಾರಣೆ ಕೈಪಿಡಿ

ಕ್ವಿಬೆಕ್ ಮೂಲದ ಕುಟುಂಬವೊಂದರ ವಂಶಾವಳಿಯನ್ನು ಹಿಂದಕ್ಕೆ ಒಯ್ಯುವವರಿಗೆ ಎದುರಾಗುವ ತೊಂದರೆ ಬಹುಮಟ್ಟಿಗೆ ಒಂದೇ ಬಗೆಯದು. ನಾಲ್ಕು ತಲೆಮಾರು ಸಲೀಸಾಗಿ ಸಾಗಿದ ಸಾಲು ಐದನೆಯದರಲ್ಲಿ ಥಟ್ಟನೆ ನಿಲ್ಲುತ್ತದೆ. ಮಗನ ಮದುವೆ ಸಿಗುತ್ತದೆ, ಅದರಲ್ಲಿ ತಂದೆತಾಯಿಯ ಹೆಸರೂ ಇರುತ್ತದೆ, ಆದರೆ ಆ ತಂದೆತಾಯಿಯ ಮದುವೆ ಯಾವ ಸೂಚಿಯಲ್ಲಿ ಹುಡುಕಿದರೂ ಕಾಣಿಸುವುದಿಲ್ಲ. ಇಂಥಲ್ಲಿ ಹೆಚ್ಚಿನವರು ದಾಖಲೆ ಸುಟ್ಟುಹೋಗಿರಬೇಕು, ಇಲ್ಲವೇ ಕಳೆದುಹೋಗಿರಬೇಕು ಎಂದು ಕೈಚೆಲ್ಲುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯದಾಗಿ ಬರಬೇಕಾದ ಅನುಮಾನ. ಹದಿನೇಳನೆಯ ಶತಮಾನದಿಂದ ಈಚೆಗೆ ಕ್ಯಾಥೊಲಿಕ್ ಜನಸಮುದಾಯದ ದಾಖಲೆ ಇಷ್ಟು ಅಖಂಡವಾಗಿ ಉಳಿದಿರುವ ನಾಡುಗಳು ವಿರಳ. ದಾಖಲೆ ಇರುತ್ತದೆ, ಆದರೆ ನಾವು ಹುಡುಕುತ್ತಿರುವ ಮನೆತನದ ಹೆಸರಿನಲ್ಲಿ ಇರುವುದಿಲ್ಲ.

ಆದ್ದರಿಂದ ಈ ಕೈಪಿಡಿಯ ಉದ್ದಕ್ಕೂ ಅನುಸರಿಸುವ ಸೂತ್ರ ಒಂದೇ: ಮನೆತನದ ಹೆಸರನ್ನು ಬದಲಾಗಬಲ್ಲದ್ದೆಂದು ಭಾವಿಸಿ, ಗಂಡಹೆಂಡಿರ ಜೋಡಿಯನ್ನು ಬದಲಾಗದ ಗುರುತಾಗಿ ಹಿಡಿಯಬೇಕು. ಕ್ವಿಬೆಕ್ ಅಥವಾ ನ್ಯೂ ಇಂಗ್ಲೆಂಡಿನ ಫ್ರೆಂಚ್ ಮೂಲದ ಮನೆಗಳೊಂದಿಗೆ ಮದುವೆಯ ನಂಟು ಬೆಳೆದಿರುವ ಕನ್ನಡ ಕುಟುಂಬಗಳವರು ತಮ್ಮ ಮಕ್ಕಳ ಇನ್ನೊಂದು ಕಡೆಯ ವಂಶವನ್ನು ಬರೆಯಲು ಕುಳಿತಾಗಲೂ ಇದೇ ಸೂತ್ರ ಕೈಹಿಡಿಯುತ್ತದೆ.

ದೋಷವಿಲ್ಲದ ಸರಪಳಿ ಹೇಗಿರುತ್ತದೆ

ಫ್ರಾನ್ಸಿನ ಅರಸರು 1539ರಲ್ಲಿ ಜ್ಞಾನಸ್ನಾನಗಳನ್ನೂ 1579ರಲ್ಲಿ ಮದುವೆ ಮತ್ತು ಸಮಾಧಿಗಳನ್ನೂ ಬರೆದಿಡುವಂತೆ ಪಾದ್ರಿಗಳಿಗೆ ಆಜ್ಞೆ ಮಾಡಿದರು. 1667ರ ಆಜ್ಞೆ ಇದನ್ನು ಎರಡು ಪ್ರತಿಗಳಲ್ಲಿ ಬರೆಯಬೇಕೆಂದು ವಿಧಿಸಿತು. 1608ರಲ್ಲಿ ಸ್ಥಾಪನೆಯಾದ ಕ್ವಿಬೆಕ್ ನಗರಕ್ಕೂ ಅದರ ಸುತ್ತ ಬೆಳೆದ ನ್ಯೂ ಫ್ರಾನ್ಸ್ ವಸಾಹತಿಗೂ ಈ ಪದ್ಧತಿಯೇ ಬಂದಿತು. ಒಂದು ಪ್ರತಿ ಇಗರ್ಜಿಯಲ್ಲಿ ಉಳಿಯುತ್ತಿತ್ತು, ಇನ್ನೊಂದು ನ್ಯಾಯಾಲಯದ ಕಚೇರಿಗೆ ಹೋಗುತ್ತಿತ್ತು. ವಸಾಹತು 1763ರಲ್ಲಿ ಬ್ರಿಟಿಷರ ಕೈಗೆ ಹೋದರೂ ಈ ಏರ್ಪಾಡು ನಿಲ್ಲಲಿಲ್ಲ. 1994ರ ಜನವರಿ 1ರಂದು ಸರ್ಕಾರಿ ನೋಂದಣಿ ವ್ಯವಸ್ಥೆ ಜಾರಿಗೆ ಬರುವ ತನಕ ಇಗರ್ಜಿಯ ರಿಜಿಸ್ಟರೇ ಸರ್ಕಾರದ ರಿಜಿಸ್ಟರೂ ಆಗಿತ್ತು.

ಈ ರಿಜಿಸ್ಟರುಗಳಲ್ಲಿ ಮದುವೆಯ ದಾಖಲೆಗೆ ಮೊದಲ ಸ್ಥಾನ. ಸಾಮಾನ್ಯವಾದ ಒಂದು ದಾಖಲೆಯಲ್ಲಿ ದಿನಾಂಕ, ಸತತ ಮೂರು ಭಾನುವಾರ ಅಥವಾ ಹಬ್ಬದ ದಿನ ಮದುವೆಯ ಪ್ರಕಟಣೆ ಓದಿದ ವಿವರ, ವರನ ಹೆಸರು, ಅವನ ತಂದೆಯ ಹೆಸರು, ತಾಯಿಯ ಹೆಸರು, ಅವರ ಊರು, ಅವರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅದರ ಸೂಚನೆ, ವರ ವಯಸ್ಕನೋ ಅಪ್ರಾಪ್ತನೋ ಎಂಬ ಮಾಹಿತಿ, ಬಳಿಕ ವಧುವಿನ ಕಡೆಯದೂ ಅದೇ ಕ್ರಮದಲ್ಲಿ, ಕೊನೆಗೆ ಸಾಕ್ಷಿಗಳು, ಅವರಿಗೂ ವಧೂವರರಿಗೂ ಇರುವ ಸಂಬಂಧ, ಸಹಿ ಹಾಕಿದವರು ಯಾರು, ಬಾರದವರು ಯಾರು ಎಂಬುದು ಇರುತ್ತದೆ. ಇದರಲ್ಲಿ ಬಹಳ ಬೆಲೆಯುಳ್ಳ ಅಂಶವೆಂದರೆ ತಾಯಿಯ ಹೆಸರು ಅವಳ ತವರಿನ ಹೆಸರಿನೊಂದಿಗೇ ಇರುವುದು. ಹೆಣ್ಣುಮಕ್ಕಳು ಹುಟ್ಟಿದ ಮನೆಯ ಹೆಸರಿನಲ್ಲೇ ಜ್ಞಾನಸ್ನಾನ ಪಡೆದು, ಅದೇ ಹೆಸರಿನಲ್ಲಿ ಮದುವೆಯಾಗಿ, ಅದೇ ಹೆಸರಿನಲ್ಲಿ ಮಣ್ಣಾಗುತ್ತಿದ್ದರು. ಹಾಗಾಗಿ ಒಂದು ಮದುವೆಯಿಂದ ಅದರ ಹಿಂದಿನ ಎರಡು ಮದುವೆಗಳಿಗೆ ದಾರಿ ತಾನಾಗಿ ತೆರೆಯುತ್ತದೆ, ಜ್ಞಾನಸ್ನಾನದ ದಾಖಲೆ ಪ್ರತಿ ತಲೆಮಾರಿಗೂ ಬೇಕೆಂದೇನಿಲ್ಲ.

ಇಲ್ಲಿ ಒಂದು ಅಪವಾದವನ್ನು ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಮೊದಲ ಮುಕ್ಕಾಲು ಭಾಗದಲ್ಲಿ ದೈನಂದಿನ ಬಳಕೆಯಲ್ಲಿ ಗಂಡನ ಹೆಸರಿನಿಂದ ಗುರುತಿಸಿಕೊಳ್ಳುವ ರೂಢಿ ಹರಡಿತ್ತು, ಆದ್ದರಿಂದ ಪತ್ರಿಕೆಯ ನಿಧನವಾರ್ತೆಯನ್ನು ಆಧರಿಸಿ ಆರಂಭಿಸಿದವರು ಅಜ್ಜಿಯ ತವರಿನ ಹೆಸರಿಲ್ಲದೆ ಮೊದಲ ಮೆಟ್ಟಿಲಲ್ಲೇ ಎಡವುತ್ತಾರೆ. 1981ರಿಂದ ಕ್ವಿಬೆಕ್‌ನ ಕಾನೂನು ಗಂಡಹೆಂಡಿರಿಬ್ಬರೂ ಮದುವೆಯ ನಂತರ ತಮ್ಮ ತಮ್ಮ ಹುಟ್ಟುಹೆಸರನ್ನೇ ಉಳಿಸಿಕೊಂಡು ವ್ಯವಹರಿಸಬೇಕೆಂದು ಹೇಳುತ್ತದೆ. ಮಾಂಟ್ರಿಯಲ್‌ನಲ್ಲಿ ನೆಲೆಸಿ ಅಲ್ಲಿಯೇ ಮದುವೆಯಾಗುವ ಕನ್ನಡದ ಹೆಣ್ಣುಮಕ್ಕಳಿಗೂ ಈ ನಿಯಮ ಅನ್ವಯಿಸುತ್ತದೆ.

ಲಕ್ಷಣ: ಮಗನ ಮದುವೆ ಇದೆ, ತಂದೆಯ ಮದುವೆ ಇಲ್ಲ

ಹತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ನಾನು ಮೊದಲು ಅನುಮಾನಿಸುವುದು ‘ದಿ’ ಹೆಸರನ್ನು. ಫ್ರೆಂಚ್ ದಾಖಲೆಗಳಲ್ಲಿ ಎರಡು ಮನೆತನದ ಹೆಸರುಗಳ ನಡುವೆ ಬರುವ ಈ ಪುಟ್ಟ ಪದಕ್ಕೆ ‘ಎಂದು ಕರೆಯಲಾಗುವ’ ಎಂಬ ಅರ್ಥ. ಕನ್ನಡದಲ್ಲಿ ತೀರಿಕೊಂಡವರ ಹೆಸರಿನ ಮುಂದೆ ಬರೆಯುವ ‘ದಿ.’ಗೂ ಇದಕ್ಕೂ ಸಂಬಂಧವಿಲ್ಲ. ಮಿವಿಲ್ ದಿ ದೆಶೆನ್, ಉದೊಂ ದಿ ಬೋಲ್ಯು ಎಂಬ ರೀತಿಯಲ್ಲಿ ಬರೆದಾಗ ಮೊದಲನೆಯದು ಮೂಲ ಹೆಸರು, ಎರಡನೆಯದು ರೂಢಿಯ ಹೆಸರು. ತೊಂದರೆ ಎಲ್ಲಿದೆಯೆಂದರೆ, ಇದೇ ವ್ಯಕ್ತಿ ಒಂದು ದಾಖಲೆಯಲ್ಲಿ ಎರಡೂ ಹೆಸರುಗಳನ್ನು ಹೊತ್ತಿರುತ್ತಾನೆ, ಇನ್ನೊಂದರಲ್ಲಿ ಮೊದಲನೆಯದನ್ನು ಮಾತ್ರ, ಮತ್ತೊಂದರಲ್ಲಿ ಎರಡನೆಯದನ್ನು ಮಾತ್ರ. ಅವನ ಮಕ್ಕಳಲ್ಲಿ ಇಬ್ಬರು ಒಂದು ಹೆಸರನ್ನೂ ಮೂವರು ಇನ್ನೊಂದನ್ನೂ ಇಟ್ಟುಕೊಂಡು, ಎರಡು ತಲೆಮಾರಿನ ಬಳಿಕ ಒಂದೇ ರಕ್ತದ ಎರಡು ಮನೆತನಗಳು ಪರಸ್ಪರ ಅರಿವಿಲ್ಲದೆ ಪಕ್ಕಪಕ್ಕದ ಹೊಲಗಳನ್ನು ಉಳುತ್ತಿರುತ್ತವೆ.

ಈ ಹೆಸರುಗಳು ಹುಟ್ಟಿದ ಬಗೆಯನ್ನು ತಿಳಿದರೆ ಪತ್ತೆ ಸುಲಭ. ಬಹಳಷ್ಟು ಸೈನ್ಯದಿಂದ ಬಂದವು. 1665ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನರೊಡನೆ ಕಾದಲು ಬಂದ ಕಾರಿನ್ಯಾಂ-ಸಾಲಿಯೇರ್ ದಳದ ಸುಮಾರು 1,200 ಸೈನಿಕರಲ್ಲಿ ಸುಮಾರು 400 ಮಂದಿ ಅಲ್ಲಿಯೇ ಬೇರುಬಿಟ್ಟರು. ಸೈನಿಕನಿಗೆ ದಳದಲ್ಲಿ ಒಂದು ಯುದ್ಧನಾಮ ಇರುತ್ತಿತ್ತು. ಲಾಫ್ಲರ್, ಲಾತುಲಿಪ್, ಲಾವಿಯೊಲೆತ್ ಎಂದು ಹೂವಿನಿಂದ ಬಂದವು, ಸಾಂಸೂಸಿ, ಜೊಲಿಕರ್, ವಾದ್‌ಬೊಂಕರ್ ಎಂದು ಸ್ವಭಾವದಿಂದ ಬಂದವು, ಲಾಜುನೆಸ್ ಎಂದು ಎಳೆಯ ಪ್ರಾಯದಿಂದ ಬಂದವು. ಇನ್ನು ಕೆಲವು ಹುಟ್ಟೂರಿನಿಂದಲೋ ಪ್ರಾಂತ್ಯದಿಂದಲೋ, ಜಮೀನಿನ ಗುರುತಿನಿಂದಲೋ ಬಂದವು. 1759ರ ನಿರ್ಣಾಯಕ ಯುದ್ಧ ನಡೆದ ಕ್ವಿಬೆಕ್‌ನ ಅಬ್ರಹಾಂ ಬಯಲಿಗೆ ಹೆಸರು ಕೊಟ್ಟ ಅಬ್ರಹಾಂ ಮಾರ್ತಾಂ, ‘ಸ್ಕಾಟ್ಲೆಂಡಿನವನು’ ಎಂಬ ‘ದಿ’ ಹೆಸರಿನೊಂದಿಗೇ ದಾಖಲೆಗಳಲ್ಲಿ ಇದ್ದಾನೆ.

ರಿವಾರ್ ಮನೆತನ ಇದಕ್ಕೆ ಅತ್ಯುತ್ತಮ ನಿದರ್ಶನ. ಫ್ರಾನ್ಸಿನ ಪೆರ್ಶ್ ಪ್ರಾಂತ್ಯದ ತೂರೂವ್ರ್ ಊರಿನಿಂದ ಬಂದ ನಿಕೊಲಾ ಮತ್ತು ರೊಬೆರ್ ಎಂಬ ಸಹೋದರರು ಸೇಂಟ್ ಲಾರೆನ್ಸ್ ನದಿಯ ದಡದ ಬಾತಿಸ್ಕಾಂ ಸುತ್ತ ನೆಲೆಗೊಂಡರು. ಅಣ್ಣತಮ್ಮಂದಿರಲ್ಲೇ ಒಬ್ಬನ ಹೆಸರಿಗೆ ಲಾವೀನ್ ಸೇರಿತು, ಇನ್ನೊಬ್ಬನದಕ್ಕೆ ಲೊರಾಂಜೆ. ಮುಂದಿನ ತಲೆಮಾರುಗಳಲ್ಲಿ ಲಾನುಎತ್, ಲಾಕುರ್ಸಿಯೇರ್, ದುಫ್ರೇನ್ ಮೊದಲಾದ ಹೆಸರುಗಳು ಕವಲೊಡೆದವು. ಈಗ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮದುವೆಯಾದ ಒಬ್ಬ ಲೊರಾಂಜೆಯನ್ನು ಊಹಿಸಿಕೊಳ್ಳಿ. ಅವನ ದಾಖಲೆಯಲ್ಲಿ ತಂದೆ ಲೊರಾಂಜೆ, ತಾಯಿ ಬಾರಿಲ್ ಮನೆತನದವಳು ಎಂದಿದೆ. ಲೊರಾಂಜೆ ಮತ್ತು ಬಾರಿಲ್ ಮದುವೆಯನ್ನು ವರನ ಮನೆತನದ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗದು, ಏಕೆಂದರೆ ಪಾದ್ರಿ ಆ ದಿನ ರಿವಾರ್ ಎಂದಷ್ಟೇ ಬರೆದಿದ್ದ.

ಪತ್ತೆಯ ವಿಧಾನ ಹೀಗಿದೆ. ಮೊದಲಿಗೆ ಗಂಡನ ಮನೆತನದ ಹೆಸರನ್ನು ಹುಡುಕಾಟದ ಪೆಟ್ಟಿಗೆಯಿಂದ ಪೂರ್ತಿಯಾಗಿ ತೆಗೆದುಹಾಕಿ, ಅವನ ಸ್ವಂತ ಹೆಸರನ್ನೂ ಹೆಂಡತಿಯ ಪೂರ್ಣ ಹೆಸರನ್ನೂ ಮಾತ್ರ ಕೊಟ್ಟು ಹುಡುಕಬೇಕು. ಮಾಂಟ್ರಿಯಲ್‌ನಲ್ಲಿ 1899ರಲ್ಲಿ ಆರಂಭವಾದ ದ್ರೂಆಂ ಸಂಸ್ಥೆ 1760ರಿಂದ 1935ರವರೆಗಿನ ಮದುವೆಗಳನ್ನು ಗಂಡಸರ ಹೆಸರಿನಲ್ಲಿ ಒಂದು ಸಾಲು, ಹೆಂಗಸರ ಹೆಸರಿನಲ್ಲಿ ಇನ್ನೊಂದು ಸಾಲು ಎಂದು ಎರಡು ಬಾರಿ ಅಕಾರಾದಿಯಾಗಿ ಜೋಡಿಸಿದ್ದರ ಪ್ರಯೋಜನ ಇಲ್ಲೇ ತಿಳಿಯುವುದು. ಹೆಂಗಸರ ಸಾಲಿನಲ್ಲಿ ಬಾರಿಲ್ ಪುಟ ತೆರೆದರೆ ಎದುರುಗಡೆ ರಿವಾರ್ ಕಾಣಿಸುತ್ತಾನೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1966ರಿಂದ ನಡೆದುಬಂದ ಐತಿಹಾಸಿಕ ಜನಸಂಖ್ಯಾ ಸಂಶೋಧನಾ ಕಾರ್ಯಕ್ರಮದ ದತ್ತಸಂಚಯ ಕೂಡ ದಂಪತಿಗಳನ್ನೇ ಘಟಕವಾಗಿ ಇಟ್ಟುಕೊಂಡು ಕುಟುಂಬದ ಕಡತ ಕಟ್ಟುತ್ತದೆ.

ಹಾಗೆ ಸಿಕ್ಕಿದ್ದನ್ನು ಕೂಡಲೇ ಒಪ್ಪಬಾರದು. ಎರಡನೆಯ ಹಂತದಲ್ಲಿ ಆ ದಂಪತಿಯ ಎಲ್ಲ ಮಕ್ಕಳ ಜ್ಞಾನಸ್ನಾನಗಳನ್ನು ಸಾಲಾಗಿ ಇಟ್ಟು ನೋಡಬೇಕು. ತಾಯಿಯ ಹೆಸರು ಸ್ಥಿರವಾಗಿದ್ದು ತಂದೆಯ ಹೆಸರು ಒಂದರಲ್ಲಿ ರಿವಾರ್, ಮುಂದಿನದರಲ್ಲಿ ಲೊರಾಂಜೆ, ನಡುವೆ ಎಲ್ಲಾದರೂ ರಿವಾರ್ ದಿ ಲೊರಾಂಜೆ ಎಂದು ತೂಗಾಡುತ್ತಿದ್ದರೆ ರೋಗ ಖಚಿತವಾದಂತೆ. ಇದಕ್ಕೂ ಗಟ್ಟಿಯಾದ ಪುರಾವೆ ಬೇಕಾದರೆ ನೋಟರಿಯ ಪತ್ರಗಳಿಗೆ ಹೋಗಬೇಕು. ಫ್ರೆಂಚ್ ಕೆನಡಿಯನ್ನರು ಮದುವೆಗೆ ಮುಂಚೆ ನೋಟರಿಯ ಎದುರು ಕರಾರುಪತ್ರ ಬರೆಸುವುದು ಸಾಮಾನ್ಯವಾಗಿತ್ತು, ಸಾವಿನ ಬಳಿಕ ಆಸ್ತಿಯ ಪಟ್ಟಿ ಮಾಡಿಸುವಾಗ ಎಲ್ಲ ವಾರಸುದಾರರ ಹೆಸರೂ ಬರುತ್ತಿತ್ತು. ಆಸ್ತಿಯ ವಿಷಯವಾದ್ದರಿಂದ ನೋಟರಿ ಎರಡೂ ಹೆಸರುಗಳನ್ನು ಬಿಡದೆ ಬರೆಯುವುದು ಹೆಚ್ಚು. ಈ ಪತ್ರಗಳು ಕ್ವಿಬೆಕ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿ ಇವೆ.

ಯಾವ ಹೆಸರಿಗೆ ಯಾವುದು ಜೋಡಿಯಾಗಬಹುದು ಎಂಬ ಸುಳಿವೇ ಇಲ್ಲದಿದ್ದಾಗ, ಪಾದ್ರಿ ಸಿಪ್ರಿಯೆನ್ ತಾಂಗೆ 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಪ್ರಕಟಿಸಿದ ವಂಶಾವಳಿ ಕೋಶದ ಕೊನೆಯ ಸಂಪುಟವನ್ನು ನೋಡಬಹುದು. ಅದರಲ್ಲಿ ಮನೆತನಗಳೂ ಅವುಗಳ ಪರ್ಯಾಯ ಹೆಸರುಗಳೂ ಉದ್ದಕ್ಕೆ ಪಟ್ಟಿಯಾಗಿವೆ. ಆದರೆ ತಾಂಗೆಯ ಕೋಶವನ್ನು ಸುಳಿವಿಗೆ ಮಾತ್ರ ಬಳಸಬೇಕು. ಒಬ್ಬನೇ ಮನುಷ್ಯ ಅಷ್ಟು ದೊಡ್ಡ ಕೆಲಸ ಮಾಡಿದಾಗ ಆಗುವ ತಪ್ಪುಗಳು ಅದರಲ್ಲಿವೆ, ಆ ತಪ್ಪುಗಳನ್ನು ನಕಲು ಮಾಡಿದ ವಂಶವೃಕ್ಷಗಳು ಇಂದಿಗೂ ಇಂಟರ್‌ನೆಟ್ ತುಂಬ ಹರಿದಾಡುತ್ತಿವೆ.

ಇದೇ ದೋಷದ ತಿರುವುಮುರುವು ರೂಪವೂ ಒಂದಿದೆ, ಅದು ಹೆಚ್ಚು ಅಪಾಯಕಾರಿ. ಲಾಫ್ಲರ್ ಎಂಬ ಹೆಸರು ಒಬ್ಬ ಸೈನಿಕನಿಗೆ ಮಾತ್ರ ಮೀಸಲಾಗಿರಲಿಲ್ಲ. ಬೇರೆ ಬೇರೆ ದಳಗಳಲ್ಲಿ, ಬೇರೆ ಬೇರೆ ದಶಕಗಳಲ್ಲಿ, ಪರಸ್ಪರ ನಂಟಿಲ್ಲದ ಎಷ್ಟೋ ಮಂದಿ ಲಾಫ್ಲರ್ ಆಗಿದ್ದರು, ಅವರ ಮೂಲ ಹೆಸರುಗಳೆಲ್ಲ ಬೇರೆ. ಹೆಸರು ಒಂದೇ ಎಂಬ ಕಾರಣಕ್ಕೆ ಇಬ್ಬರು ಲಾಫ್ಲರ್‌ಗಳನ್ನು ತಂದೆಮಗನೆಂದು ಹೊಲಿದುಬಿಟ್ಟರೆ ಅದರ ಹಿಂದಿನ ವೃಕ್ಷವೆಲ್ಲ ಇನ್ನೊಬ್ಬರ ಮನೆಯದಾಗುತ್ತದೆ. ರುವಾ ಮನೆತನದಲ್ಲೂ ಇದೇ ಕಥೆ: ರುವಾ ದಿ ದೆಜಾರ್ದಾಂ, ರುವಾ ದಿ ಓದಿ ಇವರೆಲ್ಲ ಬೇರೆ ಬೇರೆ ಮೂಲಪುರುಷರ ಸಂತತಿ.

ಲಕ್ಷಣ: ಮದುವೆ ಸಿಕ್ಕಿದೆ, ಆದರೆ ತಂದೆತಾಯಿಯ ಹೆಸರೇ ಇಲ್ಲ

ದಾಖಲೆಯಲ್ಲಿ ವಿಧುರ ಅಥವಾ ವಿಧವೆ ಎಂಬ ಪದ ಇದೆಯೇ ನೋಡಿ. ಎರಡನೆಯ ಮದುವೆಯಲ್ಲಿ ಪಾದ್ರಿ ಸಾಮಾನ್ಯವಾಗಿ ತಂದೆತಾಯಿಯ ಬದಲು ತೀರಿಕೊಂಡ ಮೊದಲ ಸಂಗಾತಿಯ ಹೆಸರನ್ನು ಬರೆಯುತ್ತಿದ್ದ. ಅಂದರೆ ಒಂದು ಮೆಟ್ಟಿಲು ಪಕ್ಕಕ್ಕೆ ಸರಿದು, ಆ ಸಂಗಾತಿಯೊಂದಿಗಿನ ಮೊದಲ ಮದುವೆಯನ್ನು ಹುಡುಕಿದರೆ ಬೇಕಾದ ಮಾಹಿತಿ ಅಲ್ಲಿರುತ್ತದೆ. ಮೂರು ಸಲ ಮದುವೆಯಾದವರೂ ಅಪರೂಪವೇನಲ್ಲ. ಹೆರಿಗೆಯಲ್ಲಿ ಹೆಂಡತಿ, ಕಾಡಿನಲ್ಲೋ ನದಿಯಲ್ಲೋ ಗಂಡ ತೀರಿಕೊಂಡರೆ ಉಳಿದವರು ಚಿಕ್ಕ ಮಕ್ಕಳ ಸಂಸಾರ ನಡೆಸಲು ಬೇಗನೇ ಮರುಮದುವೆಯಾಗುತ್ತಿದ್ದರು.

ಈ ಮರುಮದುವೆಗಳು ಇನ್ನೊಂದು ಎಡವಟ್ಟನ್ನು ತರುತ್ತವೆ. ಫ್ರೆಂಚಿನಲ್ಲಿ ಮಾವನಿಗೂ ಮಲತಂದೆಗೂ ‘ಬೋಪೇರ್’ ಎಂಬ ಒಂದೇ ಪದ. ವರನ ಬೋಪೇರ್ ಸಾಕ್ಷಿ ಹಾಕಿದ್ದಾನೆ ಎಂದಿದ್ದರೆ ಅವನು ಹಿಂದಿನ ಹೆಂಡತಿಯ ತಂದೆಯೂ ಆಗಿರಬಹುದು, ತಾಯಿಯ ಎರಡನೆಯ ಗಂಡನೂ ಆಗಿರಬಹುದು. ಮಲತಂದೆಯ ಮನೆಯಲ್ಲಿ ಬೆಳೆದ ಹುಡುಗ ಜನಗಣತಿಯಲ್ಲಿ ಅವನ ಮನೆತನದ ಹೆಸರಿನಲ್ಲೇ ನಮೂದಾಗಿ, ಮುಂದೆ ಮದುವೆಯಲ್ಲಿ ತನ್ನ ಹುಟ್ಟುಹೆಸರಿಗೆ ಮರಳುವುದೂ ಉಂಟು. ಜನಗಣತಿ ಮತ್ತು ಮದುವೆ ಹೀಗೆ ಎರಡು ಮಾತು ಹೇಳಿದಾಗ ಮದುವೆಯ ಮಾತನ್ನೇ ನಂಬಿ, ತಾಯಿಯ ಎರಡನೆಯ ಮದುವೆಯನ್ನು ಹುಡುಕಿ.

ಎಲ್ಲ ಸರಿಯಿದ್ದೂ ಮದುವೆಯೇ ಸಿಗದಿದ್ದರೆ ಊರು ತಪ್ಪಿರಬಹುದು. ಮದುವೆ ನಡೆಯುತ್ತಿದ್ದುದು ರೂಢಿಯಂತೆ ವಧುವಿನ ಊರಿನ ಇಗರ್ಜಿಯಲ್ಲಿ.

ಲಕ್ಷಣ: ಹೆಸರು ಸರಿಯಿದ್ದರೂ ಸೂಚಿಯಲ್ಲಿ ಬಾರದು

ಇದು ಕಾಗುಣಿತದ ದೋಷ. ಬಹುಪಾಲು ಜನರಿಗೆ ಓದುಬರಹ ಬಾರದ ಕಾಲದಲ್ಲಿ ಹೆಸರಿನ ಅಕ್ಷರಗಳನ್ನು ನಿರ್ಧರಿಸಿದ್ದು ಪಾದ್ರಿಯ ಕಿವಿ. ಪೆರ್ಶ್‌ನ ಮೊರ್ತಾನ್ ಕಡೆಯಿಂದ 1634ರಲ್ಲಿ ಬಂದ ಬಡಗಿ ಜಕಾರಿ ಕ್ಲುಟಿಯೇ ಸಹಿಯ ಜಾಗದಲ್ಲಿ ಒಂದು ಕೊಡಲಿಯ ಚಿತ್ರ ಬರೆಯುತ್ತಿದ್ದ. ಅಂಥವನ ಹೆಸರಿನ ಕೊನೆಯಲ್ಲಿ ಯಾವ ಅಕ್ಷರ ಇರಬೇಕೆಂದು ಅವನನ್ನು ಕೇಳುವವರಾರು? ಅದೇ ವರ್ಷ ಬಂದ ಜಾಂ ಗಿಯೊಂನ ಮನೆತನ ಉಚ್ಚಾರಣೆಯ ಜಾರಿನಲ್ಲಿ ಮೊದಲ ವ್ಯಂಜನವನ್ನೇ ಬದಲಿಸಿಕೊಂಡು ದಿಯೊಂ ಆಯಿತು, ಗಾಯಕಿ ಸೆಲೀನ್ ಡಿಯೊನ್ ಅವರು ಆ ಸಂತತಿಯವರು. ಲಾ ರೊಶೆಲ್‌ನಿಂದ 1659ರಲ್ಲಿ ಬಂದ ಎತಿಯೆನ್ ತ್ರುತೊನ ವಂಶ ಟ್ರುಡೊ ಆಗಿ ಕೆನಡಾಕ್ಕೆ ಇಬ್ಬರು ಪ್ರಧಾನಿಗಳನ್ನು ಕೊಟ್ಟಿತು.

ಸೂಚಿಯಲ್ಲಿ ಹುಡುಕುವಾಗ ನಾಲ್ಕು ಬದಲಾವಣೆಗಳನ್ನು ಪ್ರಯತ್ನಿಸಿದರೆ ಹೆಚ್ಚಿನವು ಬಗೆಹರಿಯುತ್ತವೆ. ‘ಓ’ ಎಂದು ಮುಗಿಯುವ ಹೆಸರುಗಳನ್ನು ಫ್ರೆಂಚಿನಲ್ಲಿ ಐದಾರು ರೀತಿ ಬರೆಯಬಹುದು, ಆದ್ದರಿಂದ ಕೊನೆಯ ಅಕ್ಷರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ಉಚ್ಚಾರವಿಲ್ಲದ ಆರಂಭದ ‘ಎಚ್’ ಅಕ್ಷರ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಸೇರಿಸಿ. ಹಳೆಯ ಹಾಯೊ ಮನೆತನದವರು ಇಂದು ಆಯೊತ್ ಆಗಿದ್ದಾರೆ. ಕೊನೆಯ ‘ಟಿ’ ಅಕ್ಷರವನ್ನು ಜನ ಗಟ್ಟಿಯಾಗಿ ಉಚ್ಚರಿಸುತ್ತಿದ್ದುದರಿಂದ ಬರೆಯುವವರು ಇನ್ನೊಂದು ‘ಟಿ’ಯನ್ನೂ ‘ಇ’ಯನ್ನೂ ಅಂಟಿಸಿದರು, ಹಾಗೆ ಉಎಲೆ ಎಂಬುದು ಉಎಲೆತ್, ಪಾಕೆ ಎಂಬುದು ಪಾಕೆತ್ ಆಯಿತು. ಕೊನೆಯದಾಗಿ, ಲೆ, ಲಾ, ದೆ ಮುಂತಾದ ಪೂರ್ವಪದಗಳನ್ನು ಬಿಟ್ಟು ಹುಡುಕಿ: ಲೆರುವಾ ಮತ್ತು ರುವಾ ಒಬ್ಬನೇ ಆಗಿರಬಹುದು.

ಆಗಲೂ ಸಿಗದಿದ್ದರೆ ಎರಡನೆಯ ಪ್ರತಿಯನ್ನು ನೋಡಬೇಕು. ದ್ರೂಆಂ ಸಂಸ್ಥೆ 1940ರ ದಶಕದಲ್ಲಿ ಮೈಕ್ರೊಫಿಲ್ಮ್ ಮಾಡಿದ್ದು ಮುಖ್ಯವಾಗಿ ನ್ಯಾಯಾಲಯದ ಪ್ರತಿಯನ್ನು. ಇಗರ್ಜಿಯ ಪ್ರತಿಯ ಚಿತ್ರಗಳು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಪಾದ್ರಿ ಕೆಲವೊಮ್ಮೆ ‘ದಿ’ ಹೆಸರನ್ನು ಬಿಟ್ಟಿರುತ್ತಾನೆ, ಕೆಲವೊಮ್ಮೆ ಇಡೀ ಜ್ಞಾನಸ್ನಾನವನ್ನೇ ಬಿಟ್ಟಿರುತ್ತಾನೆ. ಸೂಚಿ ತಯಾರಿಸಿದವರ ಕಣ್ಣು ತಪ್ಪಿದ್ದನ್ನು ಮೂಲದ ಚಿತ್ರ ಸರಿಪಡಿಸುತ್ತದೆ.

ಲಕ್ಷಣ: ಒಂದೇ ಹೆಸರಿನವರು ವಿಪರೀತ ಹೆಚ್ಚು

ಹತ್ತೊಂಬತ್ತನೆಯ ಶತಮಾನದ ಜ್ಞಾನಸ್ನಾನಗಳನ್ನು ಮೊದಲ ಬಾರಿ ನೋಡುವವರಿಗೆ ಒಂದೇ ಮನೆಯಲ್ಲಿ ಆರು ಜೋಸೆಫ್, ಐದು ಮರಿಯ ಕಾಣಿಸಿ ತಲೆ ತಿರುಗುತ್ತದೆ. ಗಂಡುಮಗುವಿಗೆ ಜೋಸೆಫ್, ಹೆಣ್ಣುಮಗುವಿಗೆ ಮರಿಯ ಎಂಬುದು ಭಕ್ತಿಯಿಂದ ಮೊದಲಿಗೆ ಸೇರಿಸುವ ಹೆಸರು. ನಡುವಿನದು ಬಹಳಷ್ಟು ಸಲ ಜ್ಞಾನಪಿತ ಅಥವಾ ಜ್ಞಾನಮಾತೆಯದು. ಮನೆಯಲ್ಲಿ ಕರೆಯುವ ಹೆಸರು ಸಾಮಾನ್ಯವಾಗಿ ಕೊನೆಯದು. ಜೋಸೆಫ್ ಪಿಯೆರ್ ಆರ್ತುರ್ ಎಂದು ಜ್ಞಾನಸ್ನಾನವಾದವನು ಮುಂದೆ ಎಲ್ಲ ದಾಖಲೆಗಳಲ್ಲೂ ಆರ್ತುರ್ ಮಾತ್ರ.

ಮಗು ಸತ್ತರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. ಆದ್ದರಿಂದ ಪೂರ್ವಜನ ಜ್ಞಾನಸ್ನಾನ ಸಿಕ್ಕಿತೆಂದು ಸಂಭ್ರಮಿಸುವ ಮುನ್ನ ಅದೇ ಹೆಸರಿನ ಮಗುವಿನ ಸಮಾಧಿ ಅದರ ಮುಂದಿನ ಎರಡು ಮೂರು ವರ್ಷಗಳಲ್ಲಿ ಇದೆಯೇ ಎಂದು ನೋಡುವುದು ಕಡ್ಡಾಯ. ತಂದೆಮಗನಿಗೆ ಒಂದೇ ಹೆಸರಿದ್ದಾಗ ಹಿರಿಯನಿಗೆ ‘ಪೇರ್’, ಕಿರಿಯನಿಗೆ ‘ಫಿಸ್’ ಎಂಬ ಗುರುತು ಹಾಕುತ್ತಿದ್ದರು, ಆದರೆ ಅದು ಶಾಶ್ವತವಲ್ಲ: ಹಿರಿಯ ತೀರಿಕೊಂಡು ಕಿರಿಯನಿಗೂ ಅದೇ ಹೆಸರಿನ ಮಗ ಹುಟ್ಟಿದರೆ ನಿನ್ನೆಯ ಫಿಸ್ ಇಂದಿನ ಪೇರ್.

ಟ್ರಾಂಬ್ಲೆ ಮನೆತನದವರಿಗಂತೂ ಈ ಕಷ್ಟ ತಪ್ಪಿದ್ದಲ್ಲ. ಪೆರ್ಶ್‌ನ ರಾಂದೊನೇ ಊರಿನ ಪಿಯೆರ್ ಟ್ರಾಂಬ್ಲೆ 1647ರಲ್ಲಿ ಬಂದು, 1657ರಲ್ಲಿ ಓಜಾನ್ ಆಶೊಂ ಎಂಬಾಕೆಯನ್ನು ಕ್ವಿಬೆಕ್‌ನಲ್ಲಿ ಮದುವೆಯಾದ; ಇಂದು ಆ ಪ್ರಾಂತ್ಯದಲ್ಲಿ ಅತ್ಯಂತ ಸಾಮಾನ್ಯವಾದ ಈ ಮನೆತನದ ಹೆಸರು ಅವರಿಬ್ಬರಿಂದ ಹರಡಿದ್ದು. ಶಾರ್ಲ್‌ವುವಾ ಮತ್ತು ಸಾಗ್‌ನೆ ಸೀಮೆಯ ಒಂದೇ ಊರಿನಲ್ಲಿ ಒಂದೇ ದಶಕದಲ್ಲಿ ಒಂದೇ ಹೆಸರಿನ ಟ್ರಾಂಬ್ಲೆಗಳು ಹಲವರಿದ್ದಾಗ, ಹೆಂಡತಿಯ ಹೆಸರನ್ನು ಬಿಟ್ಟರೆ ಅವರನ್ನು ಬೇರ್ಪಡಿಸಲು ಬೇರೆ ದಾರಿಯಿಲ್ಲ.

ಹೀಗೆ ಬೇರ್ಪಡಿಸಿದ್ದು ಸರಿಯೇ ಎಂದು ಪರೀಕ್ಷಿಸಲು ಮದುವೆ ದಾಖಲೆಯೊಳಗೇ ಒಂದು ಸಾಧನ ಅಡಗಿದೆ, ಅದನ್ನು ಬಳಸುವವರು ಕಡಿಮೆ. ಸೋದರತ್ತೆ ಸೋದರಮಾವನ ಮಕ್ಕಳಲ್ಲಿ ಕೊಡುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಕ್ಯಾಥೊಲಿಕ್ ಸಭೆ ಅದಕ್ಕೆ ವ್ಯತಿರಿಕ್ತವಾಗಿ 1917ರ ಧರ್ಮಸಂಹಿತೆ ಬರುವ ತನಕ ನಾಲ್ಕನೆಯ ಹಂತದವರೆಗಿನ ರಕ್ತಸಂಬಂಧಿಗಳ ಮದುವೆಗೆ ವಿಶೇಷ ಅನುಮತಿ ಕೇಳುತ್ತಿತ್ತು. ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳು ಎರಡನೆಯ ಹಂತ, ಮೊಮ್ಮಕ್ಕಳು ಮೂರನೆಯ ಹಂತ, ಮರಿಮಕ್ಕಳು ನಾಲ್ಕನೆಯದು. ಎರಡು ಕಡೆ ತಲೆಮಾರು ಸಮನಾಗಿಲ್ಲದಿದ್ದರೆ ‘ಮೂರರಿಂದ ನಾಲ್ಕು’ ಎಂದು ಬರೆಯುತ್ತಿದ್ದರು. ನೀವು ಕಟ್ಟಿದ ವೃಕ್ಷದಲ್ಲಿ ವಧೂವರರಿಗೆ ನಂಟೇ ಕಾಣದೆ, ದಾಖಲೆಯಲ್ಲಿ ಮಾತ್ರ ಮೂರನೆಯ ಹಂತದ ಅನುಮತಿ ಇದ್ದರೆ, ಇಬ್ಬರ ಮುತ್ತಜ್ಜ ಮುತ್ತಜ್ಜಿಯರಲ್ಲಿ ಒಂದು ಜೋಡಿ ಒಂದೇ ಆಗಿರಬೇಕು, ಅಂದರೆ ಆ ಮೂರು ತಲೆಮಾರುಗಳಲ್ಲಿ ಎಲ್ಲೋ ನೀವು ಬೇರೆಯವರನ್ನು ತಂದು ಕೂರಿಸಿದ್ದೀರಿ. ಮದುವೆಯಿಂದ ಉಂಟಾದ ನಂಟಿಗೂ ಇದೇ ಬಗೆಯ ಅನುಮತಿ ಬೇಕಿತ್ತು, ಅದನ್ನು ರಕ್ತಸಂಬಂಧವೆಂದು ಓದಿಕೊಳ್ಳದಂತೆ ಎಚ್ಚರ ವಹಿಸಬೇಕು.

ಲಕ್ಷಣ: ಗಡಿಯ ದಕ್ಷಿಣಕ್ಕೆ ಹೋದವರು ಮಾಯ

1840ರಿಂದ 1930ರ ನಡುವೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಹೋದರು, ಹೆಚ್ಚಿನವರು ಲೊವೆಲ್, ಮ್ಯಾಂಚೆಸ್ಟರ್, ವೂನ್‌ಸಾಕೆಟ್, ಲೂಯಿಸ್ಟನ್ ಮೊದಲಾದ ಊರುಗಳ ಬಟ್ಟೆ ಗಿರಣಿಗಳಿಗೆ. ಅಲ್ಲಿನ ಗುಮಾಸ್ತರ ಕೈಯಲ್ಲಿ ಹೆಸರುಗಳು ಎರಡು ದಾರಿ ಹಿಡಿದವು. ಕೆಲವು ಕೇಳಿಸಿದಂತೆ ಇಂಗ್ಲಿಷ್ ಅಕ್ಷರಗಳಿಗೆ ಇಳಿದವು, ಬೆನುವಾ ಎಂಬುದು ಬೆನ್ವೇ ಆದಂತೆ. ಕೆಲವು ನೇರ ಅನುವಾದವಾದವು: ಬುವಾವೆರ್ ಗ್ರೀನ್‌ವುಡ್ ಆದ, ಲೆಬ್ಲಾಂ ವೈಟ್ ಆದ, ರುವಾ ಕಿಂಗ್ ಆದ, ಲೆವೆಕ್ ಬಿಷಪ್ ಆದ, ಕುರ್ತ್‌ಮಾಂಶ್ ಎಂಬವನು ಶಾರ್ಟ್‌ಸ್ಲೀವ್ ಆದದ್ದನ್ನು ಕಂಡಾಗ ನಗು ತಡೆಯುವುದು ಕಷ್ಟ. ಇಲ್ಲಿ ಇಂಗ್ಲಿಷ್ ಹೆಸರಿನಿಂದ ಹಿಂದಕ್ಕೆ ಅನುವಾದಿಸಿ ಹುಡುಕುವುದು ಜೂಜು, ಏಕೆಂದರೆ ಅನುವಾದ ನಡೆದದ್ದು ಮೂಲ ಹೆಸರಿಗೋ ‘ದಿ’ ಹೆಸರಿಗೋ ಎಂಬುದು ತಿಳಿದಿರುವುದಿಲ್ಲ. ಆ ಊರಿನಲ್ಲಿ ಫ್ರೆಂಚರು ಕಟ್ಟಿಕೊಂಡಿದ್ದ ಇಗರ್ಜಿಯ ರಿಜಿಸ್ಟರ್ ನೋಡಿ. ಪುರಸಭೆಯ ದಾಖಲೆಯಲ್ಲಿ ಕಿಂಗ್ ಆದವನು ಫ್ರೆಂಚ್ ಪಾದ್ರಿಯ ಪುಸ್ತಕದಲ್ಲಿ ರುವಾ ಆಗಿಯೇ ಇದ್ದಾನೆ, ತಂದೆತಾಯಿಯ ಹೆಸರೂ ಅಲ್ಲಿದೆ.

ಉಲ್ಟಾ ದಿಕ್ಕಿನಲ್ಲೂ ಇದು ನಡೆದಿದೆ. ಮ್ಯಾಸಚೂಸೆಟ್ಸ್‌ನ ಗ್ರೋಟನ್‌ನಿಂದ 1704ರಲ್ಲಿ ಸೆರೆಯಾಗಿ ಬಂದ ಮಥಾಯಸ್ ಫಾರ್ನ್ಸ್‌ವರ್ತ್ ಎಂಬ ಹುಡುಗ ಅಲ್ಲಿಯೇ ಬೆಳೆದು ಫಾನೆಫ್ ಮನೆತನದ ಮೂಲಪುರುಷನಾದ. ಐರ್ಲೆಂಡಿನ ಓಬ್ರೆನನ್ ಒಬ್ಬ 1670ರಲ್ಲಿ ಮದುವೆಯಾಗುವ ಹೊತ್ತಿಗೆ ಓಬ್ರಿ ಆಗಿದ್ದ. ಹೆಸರು ಫ್ರೆಂಚಿನಂತೆ ಕೇಳಿಸಿದ ಮಾತ್ರಕ್ಕೆ ಫ್ರಾನ್ಸಿನಲ್ಲಿ ಬೇರು ಇರಲೇಬೇಕೆಂದಿಲ್ಲ.

ನಿಜವಾಗಿಯೂ ದಾಖಲೆ ಇಲ್ಲದಿದ್ದಾಗ

ಅಂಥ ಸಂದರ್ಭಗಳು ಕೆಲವೇ. ಕ್ವಿಬೆಕ್ ನಗರದ ಮೊದಲ ರಿಜಿಸ್ಟರುಗಳು 1640ರ ಬೆಂಕಿಯಲ್ಲಿ ಸುಟ್ಟು, ಬಳಿಕ ನೆನಪಿನಿಂದ ಮತ್ತೆ ಬರೆಯಲ್ಪಟ್ಟವು. 1755ರಿಂದ ಬ್ರಿಟಿಷರು ಅಟ್ಲಾಂಟಿಕ್ ಕರಾವಳಿಯ ಹಳೆಯ ಫ್ರೆಂಚ್ ವಸಾಹತಾದ ಅಕೇಡಿಯದ ಜನರನ್ನು ಹೊರದಬ್ಬಿದಾಗ ಅವರ ಬಹಳಷ್ಟು ದಾಖಲೆಗಳು ನಾಶವಾದವು, ಆದರೆ ಗ್ರಾಂ-ಪ್ರೇ ಊರಿನ ರಿಜಿಸ್ಟರುಗಳನ್ನು ಗಡೀಪಾರಾದವರು ತಮ್ಮೊಂದಿಗೇ ಒಯ್ದುದರಿಂದ ಅವು ಈಗ ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿವೆ. ಲೆಬ್ಲಾಂ, ಕೊರ್ಮಿಯೇ, ಲಾಂದ್ರಿ, ತಿಬೊದೊ ಮುಂತಾದ ಹೆಸರುಗಳು 1760ರ ಆಸುಪಾಸಿನಲ್ಲಿ ಕ್ವಿಬೆಕ್‌ನಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಹುಡುಕಾಟವನ್ನು ಅಕೇಡಿಯದತ್ತ ತಿರುಗಿಸಬೇಕು. ತಂದೆತಾಯಿ ಅಜ್ಞಾತರು ಎಂದು ಬರೆದಿರುವ ಮಗು ಅನಾಥಾಲಯಕ್ಕೆ ಸೇರಿದ್ದರೆ ಕಾಗದದ ಸಾಲು ಅಲ್ಲಿಗೇ ಮುಗಿಯುತ್ತದೆ. ದತ್ತಕವಾಗಿ ಬೆಳೆದು ಈಗ ಬದುಕಿರುವವರಿಗೆ ಮಾತ್ರ, 2018ರ ಜೂನ್‌ನಲ್ಲಿ ಜಾರಿಯಾದ ಕಾನೂನಿನಿಂದ ಹೆತ್ತವರ ಹೆಸರು ಕೇಳುವ ದಾರಿ ತೆರೆದಿದೆ.

ಸಾಗರದ ಆಚೆಗೆ ಸಾಲು ದಾಟದಿದ್ದರೆ, ವಸಾಹತಿಗೆ ಮೊದಲು ಬಂದವನ ಮದುವೆ ದಾಖಲೆಯಲ್ಲಿ ಅವನ ಊರು ಮತ್ತು ಧರ್ಮಪ್ರಾಂತ್ಯ ಎರಡೂ ಇವೆಯೇ ನೋಡಿ. ಫ್ರಾನ್ಸಿನ ಈಗಿನ ಜಿಲ್ಲೆಗಳು 1790ರಲ್ಲಿ ಆದವು, ಆದ್ದರಿಂದ ಹಳೆಯ ಧರ್ಮಪ್ರಾಂತ್ಯದ ಗಡಿಯನ್ನು ಇಂದಿನ ನಕ್ಷೆಯ ಮೇಲೆ ಗುರುತಿಸಿಕೊಂಡು ಆ ಜಿಲ್ಲೆಯ ಪತ್ರಾಗಾರವನ್ನು ತೆರೆಯಬೇಕು. ‘ದಿ’ ಹೆಸರು ಅಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದು ಹೆಚ್ಚಾಗಿ ಸೈನ್ಯಕ್ಕೆ ಸೇರಿದ ಮೇಲೆ ಅಥವಾ ಹಡಗಿಳಿದ ಮೇಲೆ ಅಂಟಿದ್ದು. ಕೆಲವರು ಬೇಕೆಂದೇ ಹೆಸರು ಮರೆಸಿದ್ದಾರೆ. ಲೊವೆಲ್‌ನಲ್ಲಿ 1922ರಲ್ಲಿ ಹುಟ್ಟಿದ ಲೇಖಕ ಜ್ಯಾಕ್ ಕೆರೂಆಕ್ ಅವರ ಮೂಲಪುರುಷ ಸೇಂಟ್ ಲಾರೆನ್ಸ್ ದಡದಲ್ಲಿ 1732ರಲ್ಲಿ ಮದುವೆಯಾಗಿ 1736ರಲ್ಲಿ ತೀರಿಕೊಂಡವನು. ದಾಖಲೆಯಿಂದ ದಾಖಲೆಗೆ ಅವನ ಹೆಸರು ಬದಲಾಗುತ್ತಿತ್ತು. ಬ್ರಿಟನಿಯ ಉಯೆಲ್ಗೊಆ ಊರಿನ ನೋಟರಿಯೊಬ್ಬನ ಮಗ ಉರ್ಬಾಂ-ಫ್ರಾಂಸ್ವಾ ಲೆ ಬಿಯಾಂ ಅವನೇ ಎಂಬುದು ತಿಳಿಯಲು ಸಂಶೋಧಕರು ಬಹುಕಾಲ ಶ್ರಮಿಸಬೇಕಾಯಿತು, ಅದಕ್ಕೆ ಕಾರಣ ಅವರು ಹುಡುಕುತ್ತಿದ್ದದ್ದು ಕೆರೂಆಕ್ ಎಂಬ ಮನೆತನವನ್ನು.

ಡಿಎನ್‌ಎ ಪರೀಕ್ಷೆಯಿಂದ ದೋಷ ಪತ್ತೆ ಮಾಡಲು ಹೊರಟವರಿಗೆ ಒಂದು ಎಚ್ಚರಿಕೆ ಸಾಕು. ವಸಾಹತಿನಲ್ಲಿ ಮದುವೆಯಾಗಲೆಂದು ಫ್ರಾನ್ಸಿನ ಅರಸ ತನ್ನ ಖರ್ಚಿನಲ್ಲಿ ಕಳುಹಿಸಿದ, ‘ರಾಜಪುತ್ರಿ’ಯರೆಂದು ಕರೆಯಲಾದ ಸುಮಾರು 770 ಹೆಂಗಸರು 1663ರಿಂದ 1673ರ ನಡುವೆ ಬಂದದ್ದೂ ಸೇರಿದಂತೆ, ಇಂದಿನ ಲಕ್ಷಾಂತರ ಜನರ ಮೂಲಪುರುಷರೂ ಮೂಲಸ್ತ್ರೀಯರೂ ಕೆಲವೇ ಸಾವಿರ. ಹಾಗಾಗಿ ಎಂಟು ತಲೆಮಾರು ದೂರದ ಇಬ್ಬರಿಗೆ ಹತ್ತು ದಾರಿಯ ನಂಟಿದ್ದು, ಹೊಂದಾಣಿಕೆಯ ಅಂಕ ಮೂರನೆಯ ತಲೆಮಾರಿನವರಂತೆ ತೋರುವುದು ಸಹಜ. ಗಂಡುಸಾಲಿನ ವೈ ಪರೀಕ್ಷೆ ಮಾತ್ರ ಇಬ್ಬರು ಲಾಫ್ಲರ್‌ಗಳು ಒಂದೇ ಮನೆಯವರೋ ಅಲ್ಲವೋ ಎಂಬುದಕ್ಕೆ ನೇರ ಉತ್ತರ ಕೊಡಬಲ್ಲದು.

ದೋಷ ಸರಿಹೋದ ಬಳಿಕ ಅದನ್ನು ತಂತ್ರಾಂಶದಲ್ಲಿ ಬರೆಯುವ ಬಗೆ ಮುಖ್ಯ. ‘ರಿವಾರ್ ದಿ ಲೊರಾಂಜೆ’ ಎಂದು ಮನೆತನದ ಕೋಶದಲ್ಲಿ ಒಟ್ಟಿಗೆ ತುಂಬಿದರೆ ತಂತ್ರಾಂಶ ಅದನ್ನು ರಿವಾರ್ ಮತ್ತು ಲೊರಾಂಜೆ ಎರಡರಿಂದಲೂ ಬೇರೆಯಾದ ಮೂರನೆಯ ಮನೆತನವೆಂದು ಎಣಿಸುತ್ತದೆ. ವಸಾಹತಿಗೆ ಮೊದಲು ಬಂದವನ ಮೂಲ ಹೆಸರನ್ನು ಎಲ್ಲ ತಲೆಮಾರಿಗೂ ಮುಖ್ಯ ಹೆಸರಾಗಿ ಇಟ್ಟು, ‘ದಿ’ ಹೆಸರನ್ನೂ ಕಾಗುಣಿತದ ಭೇದಗಳನ್ನೂ ಪರ್ಯಾಯ ಹೆಸರಿನ ಕೋಶದಲ್ಲಿ ಒಂದೊಂದಾಗಿ, ಯಾವ ದಾಖಲೆಯಲ್ಲಿ ಯಾವ ವರ್ಷ ಆ ರೂಪ ಬಂದಿದೆ ಎಂಬುದರೊಂದಿಗೆ ನಮೂದಿಸಿ. ದಾಖಲೆಯಲ್ಲಿ ಇದ್ದ ಅಕ್ಷರಗಳನ್ನು ಟಿಪ್ಪಣಿಯಲ್ಲಿ ತಿದ್ದದೆ ನಕಲು ಮಾಡಿ. ಹೆಂಡತಿಯ ಹೆಸರು ಸಿಗದ ಪೂರ್ವಜನಿದ್ದರೆ ಅವನ ಹಿಂದಿನ ತಲೆಮಾರನ್ನು ಜೋಡಿಸದೆ ಖಾಲಿ ಬಿಡಿ.